ಸೊಳ್ಳೆ ಕಚ್ಚಿದ್ದಕ್ಕೆ ಇಷ್ಟೊಂದು ಊತವೇ?

ಹೈನುಗಾರ ಅಕ್ಕಂದಿರೇ,

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಕೆಚ್ಚಲು ಬಾವಿನ ಹಸು ನೋಡಲು ಹೋಗಿದ್ದೆ. ಚಿಕಿತ್ಸೆ ಮುಗಿಸಿ ಕೈ ತೊಳೆಯುತ್ತಿದ್ದಾಗ ಆ ಮನೆಯ ಅಜ್ಜಿ ನಾಲ್ಕು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಬಂದರು. ಮಗುವಿನ ಬಲಗಣ್ಣು ಊದಿ ಪೂರ್ತಿ ಮುಚ್ಚಿತ್ತು. ಹಿಂದಿನ ಸಂಜೆ ಹಾಲು ಕರೆಯುವಾಗ ಕೊಟ್ಟಿಗೆಯಲ್ಲೇ ಕೂತಿದ್ದಳಂತೆ. ರೆಪ್ಪೆಗೆ ಸೊಳ್ಳೆ ಕಚ್ಚಿದೆ. "ಹೋದ ಸಲ ಹಸೀಗೆ ಮೈಯೆಲ್ಲಾ ಗಂದೆ ಎದ್ದಾಗ ತರಿಸಿದ್ದ ಇಂಜೆಕ್ಷನ್ ಬಾಟಲೀಲಿ ಇನ್ನೂ ಉಳಿದೈತೆ ಡಾಕ್ಟ್ರೇ, ಇವಳಿಗೂ ಚೂರು ಹಾಕ್ಬಿಡಿ" ಎಂದರು.

ಹಾಕಲಿಲ್ಲ. ನಾನೂರು ಕಿಲೋ ಹಸುವಿಗೆಂದು ತಯಾರಾದ ಔಷಧವದು, ಮಗುವಿನ ತೂಕ ಹದಿನೈದು ಕಿಲೋ ಇರಬಹುದು. ಉಸಿರಾಟ ಸರಿಯಿದೆಯೇ, ತುಟಿ ನಾಲಿಗೆ ಊದಿದೆಯೇ, ಮೈಮೇಲೆ ಗಂದೆ ಎದ್ದಿದೆಯೇ ಎಂದಷ್ಟೇ ನೋಡಿ, ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿದೆ. ನಾಲ್ಕು ದಿನಕ್ಕೆ ಊತ ಇಳಿಯಿತು.

ನಮ್ಮನ್ನು ಕಚ್ಚುವುದು ಹೆಣ್ಣುಸೊಳ್ಳೆ. ಮೊಟ್ಟೆ ಇಡಲು ಅದಕ್ಕೆ ರಕ್ತ ಬೇಕು. ಹೀರುವಾಗ ರಕ್ತ ಹೆಪ್ಪುಗಟ್ಟದಿರಲೆಂದು ತನ್ನ ಜೊಲ್ಲನ್ನು ಒಳಗೆ ಬಿಡುತ್ತದೆ. ಆ ಜೊಲ್ಲಿನಲ್ಲಿರುವ ಪ್ರೋಟೀನು ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಸಣ್ಣ ಗುಳ್ಳೆ ಎಬ್ಬಿಸಿ ಸುಮ್ಮನಾಗುತ್ತದೆ. ಕೆಲವರ ಮೈ ಮಾತ್ರ ಅದರ ಮೇಲೆ ಯುದ್ಧಕ್ಕೇ ಹೊರಡುತ್ತದೆ: ಅಂಗೈಯಗಲ ಊತ, ಕೆಂಪು, ಬಿಸಿ, ಒಮ್ಮೊಮ್ಮೆ ಜ್ವರ. ಇದಕ್ಕೆ 1999ರಲ್ಲಿ ಕೆನಡಾದ ವೈದ್ಯರು 'ಸ್ಕೀಟರ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಚಿಕ್ಕ ಮಕ್ಕಳಲ್ಲಿ, ಊರಿಗೆ ಹೊಸದಾಗಿ ಬಂದವರಲ್ಲಿ ಹೆಚ್ಚು. ಪಟ್ಟಣದಿಂದ ಬಂದ ಸೊಸೆಯ ಕೈಕಾಲು ಊದಿದರೆ "ಬಲು ನಾಜೂಕು" ಎಂದು ಆಡಿಕೊಳ್ಳಬೇಡಿ. ನಿಮ್ಮೂರಿನ ಸೊಳ್ಳೆ ಅವಳ ಮೈಗೆ ಇನ್ನೂ ಹೊಸದು.

ಇದು ಅಲರ್ಜಿಯೋ, ಕೀವಾಗುತ್ತಿದೆಯೋ? ದಿನವೂ ಕೆಚ್ಚಲು ಮುಟ್ಟಿ ನೋಡುವ ನಿಮ್ಮ ಕೈಗೆ ಈ ಪರೀಕ್ಷೆ ಹೊಸದಲ್ಲ. ಕಚ್ಚಿದ ಕೆಲವೇ ಗಂಟೆಗಳಲ್ಲಿ ಊದಿ, ನೋವಿಗಿಂತ ನವೆ ಹೆಚ್ಚಿದ್ದರೆ ಬಹುಮಟ್ಟಿಗೆ ಅಲರ್ಜಿ. ಎರಡು ಮೂರು ದಿನ ಕಳೆದ ಮೇಲೆ ನೋವು ಏರುತ್ತಾ, ಕೆಂಪು ಹರಡುತ್ತಾ, ಕೀವು ಕಂಡರೆ ಉಗುರಿನಿಂದ ಕೆರೆದ ಗಾಯ ಸೋಂಕಾಗಿದೆ, ಡಾಕ್ಟರರಿಗೆ ತೋರಿಸಿ. ಜ್ವರ ಬಿಡದೆ ಬಂದರೂ ಅಷ್ಟೇ, ಡೆಂಗಿ ಇದ್ದೀತು.

ಅಲರ್ಜಿ ಊತಕ್ಕೆ ಮೊದಲು ಸೋಪು ಹಾಕಿ ತೊಳೆಯಿರಿ. ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಇಡಿ. ಮಗುವಿನ ಉಗುರು ಕತ್ತರಿಸಿ. ಸುಣ್ಣ, ಟೂತ್‌ಪೇಸ್ಟ್ ಬೇಡ. ಸಗಣಿಯಂತೂ ಬೇಡವೇ ಬೇಡ. ಕೆರೆದ ಗಾಯಕ್ಕೆ ಅದರಿಂದ ಧನುರ್ವಾಯು ತಗಲಬಹುದು. ನವೆಗೆ ಸೆಟ್ರಿಜಿನ್‌ನಂಥ ಮಾತ್ರೆ ಕೆಲಸ ಮಾಡುತ್ತದೆ. ಆದರೆ ಮಕ್ಕಳಿಗೆ ಎಷ್ಟು ಕೊಡಬೇಕೆಂಬುದನ್ನು ಡಾಕ್ಟರೇ ಹೇಳಲಿ.

ಅಪರೂಪಕ್ಕೆ ಇದು ಜೀವಕ್ಕೇ ಬರುತ್ತದೆ. ಜೇನು, ಕಣಜ ಕಚ್ಚಿದಾಗ ಇದರ ಭಯ ಇನ್ನೂ ಹೆಚ್ಚು. ತುಟಿ ನಾಲಿಗೆ ಊದುವುದು, ಉಸಿರು ಕಟ್ಟುವುದು, ಮೈತುಂಬ ಗಂದೆಯ ಜೊತೆ ವಾಂತಿ, ತಲೆಸುತ್ತು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ. ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಿ. ಬಾಯಿಗೆ ಏನೂ ಹಾಕಬೇಡಿ. ಆಗ ಬೇಕಾದದ್ದು ಆಸ್ಪತ್ರೆಯ ಅಡ್ರಿನಲಿನ್ ಇಂಜೆಕ್ಷನ್. ಡೇರಿಗೆ ಹಾಲು ಹಾಕಿ ಬಂದು ಹೊರಡೋಣ ಎನ್ನಬೇಡಿ, ಆ ಹೊತ್ತಿನ ಹಾಲು ಹೋದರೆ ಹೋಗಲಿ.

ಇನ್ನು ಕೊಟ್ಟಿಗೆ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಹಾಗಾಗಿ ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ತೊಳೆಯಿರಿ. ಗಂಜಲದ ಗುಂಡಿ ಮುಚ್ಚಿಡಿ. ಮುಚ್ಚಿದ ಕೊಟ್ಟಿಗೆಯಲ್ಲಿ ಬೇವಿನ ಹೊಗೆ ಹಾಕಿದರೆ ಉಬ್ಬಸದ ಮಗುವಿಗೂ ಹಸುವಿಗೂ ಕಷ್ಟ. ಸೊಳ್ಳೆ ಕ್ರೀಮು ಹಚ್ಚಿಕೊಂಡ ಕೈಯನ್ನು ಸೋಪಿನಿಂದ ತೊಳೆಯದೆ ಕೆಚ್ಚಲು ಮುಟ್ಟಬೇಡಿ, ಅದು ಹಾಲಿಗೆ ಇಳಿಯುತ್ತದೆ. ಉಣ್ಣೆಗೆಂದು ಕೊಟ್ಟ ಔಷಧವನ್ನು ಮನೆಯೊಳಗೆ ಸಿಂಪಡಿಸುವವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ.

ಮೊನ್ನೆ ಅದೇ ಮನೆಗೆ ಹೋಗಿದ್ದೆ. ಕರೆಯುವ ಹೊತ್ತಿಗೆ ಮೊಮ್ಮಗಳು ತುಂಬುತೋಳಿನ ಅಂಗಿ ತೊಟ್ಟು, ಸೊಳ್ಳೆಪರದೆಯೊಳಗೆ ಗೊಂಬೆ ಹಿಡಿದು ಕೂತಿದ್ದಳು. ಉಳಿದ ಔಷಧದ ಬಾಟಲಿಯನ್ನು ಅಜ್ಜಿ ನನ್ನ ಕೈಗೇ ಕೊಟ್ಟರು.