ಮನಸ್ಸಿನ ಕಾಯಿಲೆ ಮತ್ತು ವೃತ್ತಿಯ ಆಯ್ಕೆ

ಪಿ.ಯು.ಸಿ. ಆದ ಮೇಲೆ ಏನು ಓದುವುದು, ಪದವಿಯ ನಂತರ ಯಾವ ಕೆಲಸಕ್ಕೆ ಸೇರುವುದು? ಈ ಪ್ರಶ್ನೆಗಳು ಎಲ್ಲ ವಿದ್ಯಾರ್ಥಿಗಳನ್ನೂ ಕಾಡುತ್ತವೆ. ಆದರೆ ಖಿನ್ನತೆ, ಆತಂಕ, ಗೀಳು, ಬೈಪೋಲಾರ್ ಅಥವಾ ಸ್ಕಿಜೋಫ್ರೀನಿಯಾಕ್ಕೆ ಚಿಕಿತ್ಸೆ ಪಡೆಯುತ್ತಿರುವ ವಿದ್ಯಾರ್ಥಿಯ ಮುಂದೆ ಇನ್ನೂ ಒಂದು ಪ್ರಶ್ನೆ ನಿಂತಿರುತ್ತದೆ: "ನನ್ನ ಕೈಯಲ್ಲಿ ಏನಾದರೂ ಆದೀತೇ?"

ಈ ಪ್ರಶ್ನೆ ಕೇಳುವವರು ನೀವೊಬ್ಬರೇ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ಅದರಲ್ಲಿ 13ರಿಂದ 17 ವರ್ಷದವರ ಪೈಕಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇರುವುದು ಕಂಡುಬಂತು. 60 ಮಂದಿಯ ತರಗತಿಗೆ ಲೆಕ್ಕ ಹಾಕಿದರೆ ಸುಮಾರು ನಾಲ್ವರು. ವೃತ್ತಿಯ ದಾರಿ ಆರಿಸಿಕೊಳ್ಳಬೇಕಾದ ವಯಸ್ಸಿನಲ್ಲೇ ಅನೇಕರಿಗೆ ಕಾಯಿಲೆಯೂ ಶುರುವಾಗುತ್ತದೆ. ತೊಡಕು ಇರುವುದು ಇಲ್ಲಿಯೇ.

ಕಾಯಿಲೆಯ ಮಾತು, ನಿಮ್ಮ ಮಾತು

"ನಿನಗೆ ಯಾವುದರಲ್ಲಿ ಆಸಕ್ತಿ?" ಎಂದು ವೃತ್ತಿ ಮಾರ್ಗದರ್ಶಕರು ಮೊದಲು ಕೇಳುತ್ತಾರೆ. ಖಿನ್ನತೆ ಇರುವವರಿಗೆ ಇದು ಉತ್ತರವೇ ಸಿಗದ ಪ್ರಶ್ನೆ. ಏಕೆಂದರೆ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದೇ ಆ ಕಾಯಿಲೆಯ ಮುಖ್ಯ ಲಕ್ಷಣ. ಜ್ವರ ಬಂದು ನಾಲಗೆ ಕೆಟ್ಟವನು ಹೋಳಿಗೆಯ ರುಚಿ ಹೇಳಬಲ್ಲನೇ? "ನನಗೆ ಏನೂ ಇಷ್ಟವಿಲ್ಲ" ಎಂದು ಆಗ ನಿಮಗೆ ಅನಿಸಿದರೆ ಅದನ್ನು ನಿಮ್ಮ ಸ್ವಭಾವವೆಂದು ತಿಳಿಯಬೇಡಿ.

ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತದಲ್ಲಿ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಎರಡು ಮೂರು ಗಂಟೆ ಮಲಗಿದರೂ ಸಾಕೆನಿಸುತ್ತದೆ. ಒಂದೇ ವಾರದಲ್ಲಿ ಹತ್ತು ಯೋಜನೆಗಳು ಹುಟ್ಟುತ್ತವೆ. ಓದು ಬಿಟ್ಟು ಸಾಲ ಮಾಡಿ ವ್ಯಾಪಾರ ಹೂಡುವುದೇ ಸರಿ ಎನಿಸುತ್ತದೆ. ಆತಂಕದ ತೊಂದರೆ ಇರುವವರು ತಮಗೆ ಬೇಕಾದುದನ್ನು ಆರಿಸುವ ಬದಲು ಯಾವುದರಲ್ಲಿ ಹೆದರಿಕೆ ಕಡಿಮೆಯೋ ಅದನ್ನು ಆರಿಸಿಕೊಳ್ಳುತ್ತಾರೆ. ನಾಲ್ಕು ಜನರ ಮುಂದೆ ಮಾತನಾಡಬೇಕಲ್ಲ ಎಂದು ಕಾನೂನು ಓದುವ ಆಸೆಯನ್ನೇ ಬಿಟ್ಟುಬಿಡುತ್ತಾರೆ.

ಆದ್ದರಿಂದ ಮೊದಲ ಸೂತ್ರ ಇದು: ಕಾಯಿಲೆ ಜೋರಾಗಿರುವಾಗ ಹಿಂದಕ್ಕೆ ತೆಗೆದುಕೊಳ್ಳಲಾಗದ ತೀರ್ಮಾನ ಮಾಡಬೇಡಿ. ಕಾಲೇಜು ಬಿಟ್ಟು ಟಿ.ಸಿ. ತೆಗೆದುಕೊಳ್ಳುವುದು, ಇರುವ ಕೆಲಸಕ್ಕೆ ರಾಜೀನಾಮೆ ಕೊಡುವುದು, ದೊಡ್ಡ ಸಾಲ ಮಾಡುವುದು ಇವುಗಳನ್ನು ಕೆಲವು ವಾರ ಮುಂದೂಡಿ. "ಈಗ ನಿರ್ಧಾರ ಮಾಡಬಹುದೇ?" ಎಂದು ನಿಮ್ಮ ವೈದ್ಯರನ್ನೇ ಕೇಳಿ.

ಪೂರ್ತಿ ಗುಣವಾಗುವವರೆಗೆ ಕಾಯಬೇಕೇ?

ಬೇಡ. ಮೊದಲು ಪೂರ್ತಿ ಗುಣವಾಗಲಿ, ಆಮೇಲೆ ಕೆಲಸ ಎಂಬ ನಂಬಿಕೆ ಬಹಳ ಕಾಲ ಇತ್ತು. ಪುನರ್ವಸತಿ ಕೇಂದ್ರಗಳಲ್ಲಿ ವರ್ಷಗಟ್ಟಲೆ ತರಬೇತಿ ಕೊಟ್ಟ ನಂತರವೇ ಕೆಲಸದ ಮಾತು. 1990ರ ದಶಕದಲ್ಲಿ ಅಮೆರಿಕದಲ್ಲಿ ಈ ಕ್ರಮವನ್ನು ತಿರುಗಿಸಿ ನೋಡಿದರು. ವ್ಯಕ್ತಿ ಬಯಸುವ ನಿಜವಾದ ಕೆಲಸವನ್ನು ಬೇಗನೆ ಹುಡುಕಿ ಸೇರಿಸುವುದು, ಸೇರಿದ ಮೇಲೆ ಚಿಕಿತ್ಸೆಯ ಜೊತೆಗೆ ಬೆಂಬಲವನ್ನೂ ಮುಂದುವರಿಸುವುದು. ತೀವ್ರ ಮನೋವ್ಯಾಧಿ ಇದ್ದವರಲ್ಲೂ ಹಳೆಯ ಕ್ರಮಕ್ಕಿಂತ ಹೆಚ್ಚು ಮಂದಿ ಹೀಗೆ ಕೆಲಸ ಪಡೆದರೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಚಿಕಿತ್ಸೆ ಮತ್ತು ಕೆಲಸ ಎರಡೂ ಜೋಡೆತ್ತಿನಂತೆ ಒಟ್ಟಿಗೆ ಸಾಗಬಲ್ಲವು.

ಕೆಲಸದ ಹೆಸರಿಗಿಂತ ಕೆಲಸದ ದಿನ ಮುಖ್ಯ

ನಾವು ವೃತ್ತಿಯನ್ನು ಹೆಸರಿನಿಂದ ಆರಿಸುತ್ತೇವೆ: ಇಂಜಿನಿಯರ್, ಶಿಕ್ಷಕಿ, ಪತ್ರಕರ್ತ. ಆದರೆ ಆರೋಗ್ಯದ ಮೇಲೆ ಪರಿಣಾಮ ಬೀರುವುದು ಆ ಕೆಲಸದಲ್ಲಿ ನಿಮ್ಮ ಒಂದು ದಿನ ಹೇಗೆ ಕಳೆಯುತ್ತದೆ ಎಂಬುದು. ಈ ಅಂಶಗಳನ್ನು ವಿಚಾರಿಸಿ ನೋಡಿ.

ನಿದ್ದೆ: ಬೈಪೋಲಾರ್ ಇರುವವರಿಗೆ ನಿದ್ದೆಗೆಟ್ಟರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ವಾರಕ್ಕೊಮ್ಮೆ ಬದಲಾಗುವ ರಾತ್ರಿ ಪಾಳಿಯನ್ನು ಇಂಥವರು ಆದಷ್ಟು ತಪ್ಪಿಸುವುದು ಲೇಸು.

ಔಷಧಿ: ಕೆಲವು ಮಾತ್ರೆಗಳಿಂದ ಬೆಳಗಿನ ಹೊತ್ತು ಮಂಪರು ಇರುತ್ತದೆ. ಲಿಥಿಯಂ ಸೇವಿಸುವವರು ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಸುಡುಬಿಸಿಲಿನಲ್ಲಿ ನೀರಿಲ್ಲದೆ ದುಡಿದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಕೆಲಸದ ವೇಳೆಯನ್ನು ವೈದ್ಯರಿಗೆ ತಿಳಿಸಿದರೆ ಮಾತ್ರೆಯ ಹೊತ್ತನ್ನು ಹೊಂದಿಸಲು ಅನೇಕ ವೇಳೆ ಸಾಧ್ಯ. ಕೆಲಸ ಸಿಕ್ಕಿತೆಂಬ ಸಂತೋಷಕ್ಕೋ, ಯಾರಾದರೂ ನೋಡಿಯಾರೆಂಬ ನಾಚಿಕೆಗೋ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಜನ, ಗದ್ದಲ, ಗಡುವು: ಇವು ಒಬ್ಬೊಬ್ಬರಿಗೆ ಒಂದೊಂದು ರೀತಿ. ಹಾಗೆಂದು ಒಂದು ವೃತ್ತಿಯ ಬಾಗಿಲನ್ನೇ ಮುಚ್ಚಬೇಕಾಗಿಲ್ಲ. ಒಂದೇ ವೃತ್ತಿಯೊಳಗೆ ಹಲವು ಕೋಣೆಗಳಿರುತ್ತವೆ. ವಕೀಲರಲ್ಲಿ ನ್ಯಾಯಾಲಯದಲ್ಲಿ ವಾದಿಸುವವರಿದ್ದಾರೆ, ಕುಳಿತು ಕರಡು ಬರೆಯುವವರೂ ಇದ್ದಾರೆ. ಪತ್ರಿಕೆಯಲ್ಲಿ ಸುದ್ದಿಗೆ ಓಡುವವರಂತೆ ಕರಡು ತಿದ್ದುವವರೂ ಬೇಕು. ಮೇಲಾಗಿ, ಆತಂಕ ಸರಿಯಾದ ಚಿಕಿತ್ಸೆಯಿಂದ ಕಡಿಮೆಯಾಗುತ್ತದೆ. ಇಂದಿನ ಹೆದರಿಕೆ ಮುಂದಿನ ವರ್ಷವೂ ಇಷ್ಟೇ ಇರಬೇಕೆಂದಿಲ್ಲ.

ಅರ್ಥಪೂರ್ಣ ಎಂದರೆ ಏನು?

ಎಲಿನ್ ಸ್ಯಾಕ್ಸ್ ಸ್ಕಿಜೋಫ್ರೀನಿಯಾ ಇದ್ದೂ ಅಮೆರಿಕದಲ್ಲಿ ಕಾನೂನು ಪ್ರಾಧ್ಯಾಪಕಿಯಾದರು. 2007ರಲ್ಲಿ ತಮ್ಮ ಕಥೆಯನ್ನು ಪುಸ್ತಕವಾಗಿ ಬರೆದರು. ಮನಶ್ಶಾಸ್ತ್ರಜ್ಞೆ ಕೇ ಜೇಮಿಸನ್ ತಮಗಿರುವ ಬೈಪೋಲಾರ್ ಕಾಯಿಲೆಯ ಬಗ್ಗೆ 1995ರಲ್ಲಿ ಬರೆದರು. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ತಾವು ಖಿನ್ನತೆ ಅನುಭವಿಸಿದ್ದನ್ನು 2015ರಲ್ಲಿ ಬಹಿರಂಗವಾಗಿ ಹೇಳಿದರು. ಇವರ ಬದುಕು ಧೈರ್ಯ ಕೊಡುತ್ತದೆ, ನಿಜ. ಆದರೆ ಪ್ರತಿಯೊಬ್ಬರೂ ಇಂಥ ಎತ್ತರಕ್ಕೆ ಏರಿಯೇ ತಮ್ಮ ಕಾಯಿಲೆಗೆ ಉತ್ತರ ಹೇಳಬೇಕಾಗಿಲ್ಲ. "ನೊಂದಿದ್ದೇನೆ, ಆದ್ದರಿಂದ ನಾನು ಆಪ್ತಸಲಹೆಗಾರನೇ ಆಗಬೇಕು" ಎಂಬ ಕಟ್ಟುಪಾಡೂ ಇಲ್ಲ. ಕನ್ನಡದಲ್ಲಿ ಕಾಯಕವೆಂಬ ಮಾತಿದೆ. ಶರಣರ ಕಾಲದಿಂದ ಅದರಲ್ಲಿ ಮೇಲು ಕೀಳಿಲ್ಲ. ನಿಮ್ಮ ಕೆಲಸ ಯಾರಿಗೋ ಉಪಯೋಗವಾಗುತ್ತಿದ್ದು, ಮಾರನೆಯ ದಿನವೂ ಅದನ್ನು ಮಾಡುವ ಶಕ್ತಿ ನಿಮ್ಮಲ್ಲಿ ಉಳಿದಿದ್ದರೆ ಅದು ಅರ್ಥಪೂರ್ಣವೇ.

ಕಾನೂನಿನ ಆಸರೆ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಮನೋವ್ಯಾಧಿಯೂ ಸೇರಿದೆ. ತೊಂದರೆ ಶೇ. 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣಪತ್ರ ಪಡೆದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ರ ಮೀಸಲಾತಿಯಲ್ಲಿ ಪಾಲು, ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆ ಇದೆ. ಸರ್ಕಾರಿ ಉದ್ಯೋಗದ ಶೇ. 4ರ ಮೀಸಲಾತಿಯಲ್ಲಿ ಶೇ. 1 ಭಾಗ ಮನೋವ್ಯಾಧಿ, ಆಟಿಸಂ ಮೊದಲಾದವಕ್ಕೆ ಸೇರಿದೆ. ಎಲ್ಲ ಹುದ್ದೆಗಳಿಗೂ ಇದು ಅನ್ವಯಿಸುವುದಿಲ್ಲ. ಅಧಿಸೂಚನೆಯನ್ನು ಗಮನವಿಟ್ಟು ಓದಿ. ಸೇನೆ, ವಿಮಾನ ಚಾಲನೆಯಂಥವಕ್ಕೆ ಪ್ರತ್ಯೇಕ ವೈದ್ಯಕೀಯ ಮಾನದಂಡಗಳಿವೆ. ಅವನ್ನು ಮೊದಲೇ ತಿಳಿದುಕೊಂಡರೆ ಮುಂದೆ ನಿರಾಶೆ ತಪ್ಪುತ್ತದೆ.

2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಆಸ್ಪತ್ರೆಯವರು ನಿಮ್ಮ ಕಾಯಿಲೆಯ ವಿವರವನ್ನು ಗುಟ್ಟಾಗಿಡಬೇಕು. ಸಹಪಾಠಿಗಳಿಗೆ, ಸಹೋದ್ಯೋಗಿಗಳಿಗೆ ಹೇಳಲೇಬೇಕೆಂಬ ಬಲವಂತ ನಿಮಗಿಲ್ಲ. ಆದರೆ ಪರೀಕ್ಷೆಗೋ ಪಾಳಿಗೋ ರಿಯಾಯಿತಿ ಬೇಕಾದರೆ ನಂಬಿಕಸ್ಥ ಅಧ್ಯಾಪಕರಿಗೆ ಅಥವಾ ಮೇಲಧಿಕಾರಿಗೆ ಅಗತ್ಯವಿರುವಷ್ಟನ್ನು ಹೇಳಬೇಕಾಗುತ್ತದೆ. ಕಾಯಿಲೆಯ ಹೆಸರಿಗಿಂತ ನಿಮಗೆ ಬೇಕಾದ ಅನುಕೂಲವನ್ನು ಸ್ಪಷ್ಟವಾಗಿ ಹೇಳುವುದು ಮೇಲು. ಕಾನೂನು ಇದ್ದ ಮಾತ್ರಕ್ಕೆ ಜನರ ತಪ್ಪು ಕಲ್ಪನೆ ಹೋಗಿಲ್ಲವೆಂಬುದೂ ನೆನಪಿರಲಿ. ಯಾರಿಗೆ ಹೇಳುತ್ತೀರಿ ಎಂಬುದನ್ನು ಯೋಚಿಸಿ ಹೇಳಿ.

ವರ್ಷ ಹೋದರೆ?

"ಒಂದು ವರ್ಷ ಹಾಳಾಯಿತಲ್ಲ" ಎಂದು ಅಪ್ಪ ಅಮ್ಮ ಕೊರಗಬಹುದು. ಮುಂದಿನ ಭೇಟಿಗೆ ಅವರನ್ನೂ ವೈದ್ಯರ ಬಳಿಗೆ ಕರೆದೊಯ್ಯಿರಿ. ವೈದ್ಯರು ವಿವರಿಸಿದರೆ ಅವರ ಮನಸ್ಸಿಗೂ ಸಮಾಧಾನವಾದೀತು. ದಿನವೂ ತರಗತಿಗೆ ಹೋಗಲಾಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯಗಳಿವೆ. ಎರಡನೆಯದರಲ್ಲಿ 3 ವರ್ಷದ ಪದವಿಯನ್ನು 6 ವರ್ಷದವರೆಗೂ ನಿಧಾನವಾಗಿ ಮುಗಿಸಬಹುದು.

ಯಾರನ್ನು ಕೇಳುವುದು?

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡವೆನಿಸಿದ ಗಳಿಗೆಯಲ್ಲಿ ವೃತ್ತಿಯ ಚಿಂತೆಯನ್ನು ಬದಿಗಿಟ್ಟು ತಕ್ಷಣ ಈ ಸಂಖ್ಯೆಗೆ ಕರೆ ಮಾಡಿ, ಮನೆಯವರಿಗೂ ತಿಳಿಸಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕಾಣಬಹುದು. ನಿಮ್ಹಾನ್ಸ್‌ನಲ್ಲಿ ಪುನರ್ವಸತಿಗೆಂದೇ ಒಂದು ವಿಭಾಗವಿದೆ.

ಈ ವಾರ ಒಂದು ಕೆಲಸ ಮಾಡಿ. ಒಂದು ನೋಟ್‌ಪುಸ್ತಕದಲ್ಲಿ ಎರಡು ವಾರ ಪ್ರತಿ ರಾತ್ರಿ ಮೂರು ಸಾಲು ಬರೆಯಿರಿ: ಎಷ್ಟು ಗಂಟೆ ನಿದ್ದೆ ಬಂತು, ಯಾವ ಕೆಲಸದಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ, ಯಾವುದು ತೀರಾ ದಣಿಸಿತು. ಮುಂದಿನ ಬಾರಿ ವೈದ್ಯರನ್ನೋ ವೃತ್ತಿ ಮಾರ್ಗದರ್ಶಕರನ್ನೋ ಕಾಣುವಾಗ ಅದನ್ನು ಕೊಂಡೊಯ್ಯಿರಿ. "ನನ್ನಿಂದಾದೀತೇ?" ಎಂಬ ಪ್ರಶ್ನೆಗಿಂತ ಆ ನಲವತ್ತೆರಡು ಸಾಲುಗಳು ನಿಮ್ಮ ದಾರಿಯನ್ನು ಚೆನ್ನಾಗಿ ತೋರಿಸುತ್ತವೆ.