ಕಡ್ಡಿಯಂಥ ಎರಡು ಕೋಡು

ಉದ್ಯೋಗ ಬಿಟ್ಟು ವನ್ಯಜೀವಿಗಳ ಚಿತ್ರ ಬರೆಯಲು ಹೊರಟವನಿಗೆ ಜನ ಕೇಳುವ ಪ್ರಶ್ನೆಗಳು ಎರಡು. ಹೊಟ್ಟೆಗೇನು ಮಾಡುವಿರಿ ಎಂಬುದು ಮೊದಲನೆಯದು. ಕ್ಯಾಮೆರಾ ಇರುವ ಕಾಲದಲ್ಲಿ ಕೈಯಿಂದ ಬರೆದ ಚಿತ್ರವೇಕೆ ಎಂಬುದು ಎರಡನೆಯದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ನನ್ನ ಅನುಭವಕ್ಕೆ ಬಂದಷ್ಟರಲ್ಲಿ ಇವಕ್ಕೆ ಉತ್ತರ ಹೇಳಬಯಸುತ್ತೇನೆ.

ನನ್ನದು ಬನಹಟ್ಟಿಯ ನೇಕಾರರ ಮನೆ. ಮಗ್ಗದ ಸಪ್ಪಳದಲ್ಲಿ ಬೆಳೆದು, ಜಮಖಂಡಿಯಲ್ಲಿ ಓದಿ, ಬೆಂಗಳೂರಿನ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಹದಿನಾಲ್ಕು ವರ್ಷ ದುಡಿದೆ. ರಜೆ ಸಿಕ್ಕಾಗಲೆಲ್ಲ ರಾಣೆಬೆನ್ನೂರಿನ ಅಭಯಾರಣ್ಯಕ್ಕೆ ಹೋಗಿ ಕೃಷ್ಣಮೃಗಗಳನ್ನು ಬರೆಯುತ್ತಿದ್ದೆ. 2017ರಲ್ಲಿ ರಾಜೀನಾಮೆಯಿತ್ತು ಊರಿಗೆ ಮರಳಿದೆ. ತಂದೆ ಮಗ್ಗದಿಂದ ತಲೆಯೆತ್ತಲಿಲ್ಲ. ತಾಯಿ ಮಾತ್ರ ಕೇಳಿದಳು: "ತಮ್ಮಾ, ಚಿಗರಿ ಚಿತ್ರ ಬರದ್ರ ಸಂಜೀಕ ಒಲಿ ಹೊತ್ತತೈತೇನು?" ಆ ಮಾತಿನಲ್ಲಿ ಕೋಪವಿರಲಿಲ್ಲ, ಲೆಕ್ಕವಿತ್ತು. ಲೆಕ್ಕಿಗನಾದ ನನಗೇ ಉತ್ತರ ಹೊಳೆಯಲಿಲ್ಲ.

ಊರಿಗೆ ಮರಳಲು ಕಾರಣವಾದುದು ಯಡಹಳ್ಳಿ. ಬೀಳಗಿ ಮತ್ತು ಮುಧೋಳ ತಾಲೂಕುಗಳಲ್ಲಿ ಹರಡಿರುವ ಸುಮಾರು 96 ಚದರ ಕಿಲೋಮೀಟರ್ ಕುರುಚಲು ಕಾಡನ್ನು 2016ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಸರಕಾರ ಘೋಷಿಸಿತು. ಮುಧೋಳವೆಂದರೆ ರನ್ನ, ಮುಧೋಳವೆಂದರೆ ಬೇಟೆನಾಯಿ ಎಂದು ನಾಡು ಬಲ್ಲದು. ಅದೇ ಸೀಮೆಯಲ್ಲಿ ಚಿಂಕಾರವೆಂಬ ಜೀವಿಯೊಂದು ಬದುಕಿದೆ ಎಂಬುದನ್ನು ನಮ್ಮಲ್ಲಿಯೇ ಬಹುಮಂದಿ ಅರಿಯರು. ಕಂಡವರಲ್ಲಿಯೂ ಎಷ್ಟೋ ಜನ ಅದನ್ನು ಕೃಷ್ಣಮೃಗವೆಂದೇ ತಿಳಿದು 'ಚಿಗರಿ' ಎಂದು ಸುಮ್ಮನಾಗುತ್ತಾರೆ.

ಚಿಂಕಾರ ಚಿಕ್ಕ ಪ್ರಾಣಿ. ಭುಜದವರೆಗಿನ ಎತ್ತರ ಸುಮಾರು 65 ಸೆಂಟಿಮೀಟರ್. ತೂಕ ಇಪ್ಪತ್ತು ಕಿಲೋಗ್ರಾಂನ ಆಸುಪಾಸು. ಮೈ ಒಣಹುಲ್ಲಿನ ಕಂದು, ಹೊಟ್ಟೆ ಬಿಳಿ. ಕಣ್ಣಿನಿಂದ ಬಾಯಿಯತ್ತ ಇಳಿಯುವ ಕಪ್ಪು ಗೆರೆ. ಎಡೆಬಿಡದೆ ಆಡುವ ಕರಿಯ ಬಾಲ. ಕೃಷ್ಣಮೃಗದ ಗಂಡಿಗೆ ತಿರುಪಿನಂತೆ ಸುತ್ತಿದ ಕೋಡುಗಳಾದರೆ, ಇದರ ಗಂಡಿಗೆ ಉಂಗುರ ತೊಡಿಸಿದಂಥ, ಬಹುಮಟ್ಟಿಗೆ ನೆಟ್ಟಗಿನ ಕೋಡುಗಳು. ಎಲೆಯ ರಸದಿಂದಲೂ ಇಬ್ಬನಿಯಿಂದಲೂ ದಾಹ ತೀರಿಸಿಕೊಂಡು, ನೀರಿನ ನೆಲೆಯ ಹಂಗಿಲ್ಲದೆ ಬಹುದಿನ ಬದುಕಬಲ್ಲದು.

ಊರಿಗೆ ಬಂದ ವರುಷ ಶಾಲೆಯೊಂದರವರು ಗೋಡೆಗೆ ಹಾಕಲು ಚಿಂಕಾರಗಳ ದೊಡ್ಡ ಚಿತ್ರವೊಂದನ್ನು ಕೇಳಿದರು. ಮುಂಗಡ ಹಣ ಪಡೆದು ಬರೆದ ನನ್ನ ಮೊದಲ ಚಿತ್ರ ಅದು. ಒಂದು ಗಂಡು, ಎರಡು ಹೆಣ್ಣು. ಚಿತ್ರ ಮುಗಿಯುತ್ತಿದ್ದಂತೆ ಅದರ ಕರಡನ್ನು ಹಿಡಿದು ಬಣ್ಣ ತಾಳೆ ನೋಡಲು ಧಾಮದ ಅಂಚಿಗೆ ಹೋದೆ. ಅಲ್ಲಿ ಕುರಿ ಕಾಯುತ್ತಿದ್ದ ಅಜ್ಜನೊಬ್ಬ ಬಂದು ಬಹಳ ಹೊತ್ತು ನೋಡಿದ.

"ಸಾಹೇಬ್ರ, ಹೆಣ್ಣಿಗೆ ಕೋಡ ಎಲ್ಲಿ ಬಿಟ್ರಿ?"

"ಹೆಣ್ಣಿಗೆ ಕೋಡ ಇರೂದಿಲ್ಲಲ್ಲ ಅಜ್ಜಾ."

"ಅದು ಕರೀ ಚಿಗರಿ ಮಾತು. ಇದಕ್ಕ ಇರ್ತಾವು, ಕಡ್ಡಿಯಂಥಾವು."

ಅಜ್ಜನ ಮಾತೇ ನಿಜ. ಕೃಷ್ಣಮೃಗದ ಹೆಣ್ಣಿಗೆ ಸಾಮಾನ್ಯವಾಗಿ ಕೋಡಿಲ್ಲ. ಚಿಂಕಾರದ ಹೆಣ್ಣಿಗೆ ತೆಳುವಾದ ಗಿಡ್ಡ ಕೋಡುಗಳುಂಟು. ನಾನು ಕಣ್ಣೆದುರಿನ ಪ್ರಾಣಿಯನ್ನು ನೋಡದೆ, ರಾಣೆಬೆನ್ನೂರಿನ ನೆನಪನ್ನು ಬರೆದಿದ್ದೆ.

ಕುಂಚದ ಎರಡೆರಡು ಗೀಟುಗಳಲ್ಲಿ ಕೋಡು ಮೂಡಿಸಿಬಿಡಬಹುದಿತ್ತು. ಆದರೆ ಹಣೆ, ಕಿವಿ, ಕತ್ತಿನ ಬಾಗು ಎಲ್ಲವೂ ಬೇರೊಂದು ಪ್ರಾಣಿಯವು. ಮನೆಗೆ ಬಂದು ತಂದೆಗೆ ಹೇಳಿದೆ. ಅವರು ಮಗ್ಗ ನಿಲ್ಲಿಸಿ, "ಎಳಿ ತಪ್ಪಿದರ ಬಿಚ್ಚಬೇಕು, ಮುಚ್ಚಬಾರದು" ಎಂದರು. ನಾನು ಊರಿಗೆ ಮರಳಿದ ಮೇಲೆ ನನ್ನ ಕೆಲಸದ ಬಗೆಗೆ ಅವರಾಡಿದ ಮೊದಲ ಮಾತದು. ಚಿತ್ರವನ್ನು ಹೊಸದಾಗಿ ಬರೆದೆ. ಐದು ವಾರ ಹಿಡಿಯಿತು.

ಕ್ಯಾಮೆರಾದ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಛಾಯಾಚಿತ್ರ ಒಂದು ಕ್ಷಣದ, ಒಂದು ಪ್ರಾಣಿಯ, ಒಂದು ಬೆಳಕಿನ ಸಾಕ್ಷಿ. ಬರೆದ ಚಿತ್ರ ನೂರು ನೋಟಗಳ ಸಾರ. ಗಂಡು, ಹೆಣ್ಣು, ಮರಿ ಮೂರನ್ನೂ ಒಂದೇ ಬೆಳಕಿನಲ್ಲಿ ನಿಲ್ಲಿಸಿ, ಗುರುತಿಸಲು ಬೇಕಾದುದನ್ನಷ್ಟೇ ಎತ್ತಿ ತೋರಿಸುವುದು ಕುಂಚಕ್ಕೆ ಸುಲಭ. ಆದುದರಿಂದಲೇ ಹಕ್ಕಿ ಗುರುತಿಸುವ ಕೈಪಿಡಿಗಳಲ್ಲಿ ಇಂದಿಗೂ ಚಿತ್ರಕಾರರಿಗೆ ಸ್ಥಾನವಿದೆ. ಗ್ರಿಮ್ಮೆಟ್ ಮತ್ತು ಇನ್‌ಸ್ಕಿಪ್ ದಂಪತಿಗಳು 1998ರಲ್ಲಿ ಹೊರತಂದ ಭಾರತ ಉಪಖಂಡದ ಹಕ್ಕಿಗಳ ಗ್ರಂಥಕ್ಕೆ ಚಿತ್ರ ಬರೆದವರಲ್ಲಿ ನಮ್ಮ ದೇಶದ ಕಾರ್ಲ್ ಡಿಸಿಲ್ವ ಒಬ್ಬರು.

ಇನ್ನು ಹೊಟ್ಟೆಯ ಪ್ರಶ್ನೆ. ಅಮೆರಿಕದ ಜಾನ್ ಜೇಮ್ಸ್ ಆಡುಬಾನ್ ವ್ಯಾಪಾರಿಯಾಗಿದ್ದವನು. 1819ರಲ್ಲಿ ದಿವಾಳಿಯೆದ್ದು, ಸಾಲಕ್ಕಾಗಿ ಸೆರೆಮನೆಯನ್ನೂ ಕಂಡು, ಹಕ್ಕಿಗಳ ಚಿತ್ರಕ್ಕೆ ಬದುಕನ್ನು ಒಪ್ಪಿಸಿದನು. 1827ರಿಂದ 1838ರವರೆಗೆ ಹೊರಬಂದ ಅವನ ಮಹಾಗ್ರಂಥದ 435 ಚಿತ್ರಫಲಕಗಳು ಜಗತ್ಪ್ರಸಿದ್ಧ. ಆತ ಹಕ್ಕಿಗಳನ್ನು ಕೊಂದು, ತಂತಿಯಿಂದ ನಿಲ್ಲಿಸಿ ಬರೆದನೆಂಬುದು ಇಂದು ನಮಗೆ ಒಪ್ಪಿಗೆಯಾಗದ ಸಂಗತಿ. ಆ ವರ್ಷಗಳಲ್ಲಿ ಪಾಠ ಹೇಳಿ ಮನೆ ನಡೆಸಿದವಳು ಅವನ ಪತ್ನಿ ಲೂಸಿ ಎಂಬುದನ್ನಂತೂ ಹೆಚ್ಚು ಜನ ನೆನೆಯುವುದಿಲ್ಲ.

ನನ್ನ ಪತ್ನಿಯೂ ಶಿಕ್ಷಕಿ. ಬೆಳಿಗ್ಗೆ ಮುಧೋಳದ ಬಸ್ಸು ಹಿಡಿಯುತ್ತಾಳೆ. ಪುಸ್ತಕದ ಚಿತ್ರ, ಫಲಕಗಳ ಚಿತ್ರ, ಆಗೊಮ್ಮೆ ಈಗೊಮ್ಮೆ ಮಾರಾಟವಾಗುವ ದೊಡ್ಡ ಚಿತ್ರ—ಇವು ನನ್ನ ಆದಾಯ. ತಿಂಗಳು ತಿಂಗಳಿಗೆ ಬರುವಂಥದಲ್ಲ. ನಾನು ತ್ಯಾಗ ಮಾಡಿದೆನೆಂದು ಸಭೆಗಳಲ್ಲಿ ಹೊಗಳುವವರಿದ್ದಾರೆ. ಸಂಬಳ ಬಿಟ್ಟವನು ನಾನು, ನಿಜ. ಅದಿಲ್ಲದೆ ಮನೆ ತೂಗಿಸಿದವಳು ಅವಳು. ಚಿತ್ರವನ್ನು ಮತ್ತೆ ಬರೆದ ಆ ಐದು ವಾರಗಳೂ ಅವಳ ದುಡಿಮೆಯವೇ. ಇನ್ನೊಬ್ಬರ ದುಡಿಮೆಯ ಮೇಲೆ ನಿಂತ ಕಲೆ ಸುಳ್ಳು ಗೆರೆ ಎಳೆಯಬಾರದು. ನನ್ನ ವೃತ್ತಿಧರ್ಮವೆಂದರೆ ಇಷ್ಟೇ.

ಆ ಚಿತ್ರವೀಗ ಶಾಲೆಯ ಗೋಡೆಯ ಮೇಲಿದೆ. ಅದರಲ್ಲಿ ಹೆಣ್ಣು ಚಿಂಕಾರಗಳ ನೆತ್ತಿಯ ಮೇಲೆ ಕಡ್ಡಿಯಂಥ ಎರಡೆರಡು ಕೋಡುಗಳಿವೆ. ಹೋದ ಸಲ ಅಲ್ಲಿಗೆ ಹೋದಾಗ ಹುಡುಗಿಯೊಬ್ಬಳು ತನ್ನ ಗೆಳತಿಗೆ ಬೆರಳಿಟ್ಟು ಹೇಳುತ್ತಿದ್ದಳು: "ಇದು ಚಿಗರಿ ಅಲ್ಲಲೇ, ಚಿಂಕಾರ. ಕೋಡ ನೋಡು."