ಓಮ್ ಒಂದೇ, ಲೆಕ್ಕ ಎರಡು

ಇ-ಸಿಗರೇಟಿನ ಒಳಗಿರುವುದು ಮುಖ್ಯವಾಗಿ ಮೂರು ವಸ್ತು: ಲಿಥಿಯಂ ಬ್ಯಾಟರಿ, ತಂತಿಯ ಪುಟ್ಟ ಸುರುಳಿ, ಅದರ ನಡುವೆ ದ್ರವ ಹೀರಿಕೊಂಡ ಹತ್ತಿಯ ಬತ್ತಿ. ಗುಂಡಿ ಒತ್ತಿದರೆ ಸುರುಳಿ ಕಾಯುತ್ತದೆ, ದ್ರವ ಆವಿಯಾಗುತ್ತದೆ. ಭಾರತದಲ್ಲಿ 2019ರಿಂದ ಇದರ ತಯಾರಿಕೆ, ಮಾರಾಟ, ಸಂಗ್ರಹ ಎಲ್ಲಕ್ಕೂ ನಿಷೇಧವಿದೆ. ನಿಕೋಟಿನ್ ಉಣಿಸುವ ಈ ಯಂತ್ರದ ಮೇಲೆ ನನಗೇನೂ ಮಮತೆಯಿಲ್ಲ. ಆದರೆ ಅಮೆರಿಕ, ಬ್ರಿಟನ್ನಿನ ಹವ್ಯಾಸಿಗಳು ತಾವೇ ಸುರುಳಿ ಸುತ್ತತೊಡಗಿದಾಗ ಹತ್ತನೇ ತರಗತಿಯ ಓಮ್ ನಿಯಮ ಅವರ ಅಂಗೈಗೇ ಬಂದು ಕೂತಿತಲ್ಲ, ಕುತೂಹಲ ಅದರ ಬಗ್ಗೆ.

ಅವರಲ್ಲಿ ಕೆಲವರು ಹಿಡಿದದ್ದು ಮೆಕ್ಯಾನಿಕಲ್ ಮಾಡ್. ಹೆಸರು ದೊಡ್ಡದು, ವಸ್ತು ಒಂದು ಲೋಹದ ಕೊಳವೆ ಮತ್ತು ಸ್ವಿಚ್ಚು, ಅಷ್ಟೇ. ವಿದ್ಯುತ್ತನ್ನು ನಿಯಂತ್ರಿಸುವ ಚಿಪ್ ಇಲ್ಲದ ಕಾರಣ ಎಲ್ಲವನ್ನೂ ಸುರುಳಿಯ ರೋಧವೇ ತೀರ್ಮಾನಿಸುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಕೋಶದಲ್ಲಿ 4.2 ವೋಲ್ಟ್. ಸುರುಳಿ 1.5 ಓಮ್ ಆದರೆ ಹರಿಯುವುದು 2.8 ಆಂಪಿಯರ್, ಹುಟ್ಟುವುದು ಸುಮಾರು 12 ವ್ಯಾಟ್. ಅದನ್ನೇ 0.2 ಓಮ್‌ಗೆ ಇಳಿಸಿ: 21 ಆಂಪಿಯರ್, 88 ವ್ಯಾಟ್! 18650 ಎಂಬ ಅಳತೆಯ ಒಳ್ಳೆಯ ಕೋಶಗಳೂ ಸತತವಾಗಿ ತಡೆಯುವುದು 20ರಿಂದ 30 ಆಂಪಿಯರ್; ಲ್ಯಾಪ್‌ಟಾಪಿನಿಂದ ಕಿತ್ತವು ಅದರ ಹತ್ತಿರವೂ ಬರುವುದಿಲ್ಲ. ಮಿತಿ ಮೀರಿದ ಕೋಶ ಬಿಸಿಯಾಗಿ ಸಿಡಿಯಬಹುದು. 2018ರಲ್ಲಿ ಫ್ಲೋರಿಡಾದಲ್ಲಿ, 2019ರಲ್ಲಿ ಟೆಕ್ಸಸ್‌ನಲ್ಲಿ ಇ-ಸಿಗರೇಟು ಸಿಡಿದು ಒಬ್ಬೊಬ್ಬರು ಸತ್ತಿದ್ದಾರೆ.

ಚಿಪ್ ಇರುವ ಸಾಧನದಲ್ಲಿ ಲೆಕ್ಕವೇ ತಿರುಗುಮುರುಗು. ಬಳಕೆದಾರ 80 ವ್ಯಾಟ್ ಎಂದು ಹೊಂದಿಸಿದರೆ ಸುರುಳಿಯ ರೋಧ ಅಳೆದು, ಬೇಕಾದ ವೋಲ್ಟೇಜನ್ನು ಚಿಪ್ಪೇ ಏರಿಸಿಯೋ ಇಳಿಸಿಯೋ ಕೊಡುತ್ತದೆ. ಹಾಗಾಗಿ ಸುರುಳಿ 0.2 ಓಮ್ ಇರಲಿ, 0.6 ಇರಲಿ, ಬ್ಯಾಟರಿಯ ಮೇಲಿನ ಹೊರೆ ಹೆಚ್ಚುಕಡಿಮೆ ಒಂದೇ. ಅದನ್ನು ನಿರ್ಧರಿಸುವುದು ವ್ಯಾಟ್. ಇನ್ನೊಂದು ಮೋಜು: ಬರೀ ಕೊಳವೆಯ ಸಾಧನದಲ್ಲಿ ಚಾರ್ಜ್ ಇಳಿದಂತೆ ವಿದ್ಯುತ್ ಪ್ರವಾಹವೂ ಇಳಿಯುತ್ತದೆ. ಚಿಪ್ ಇರುವಲ್ಲಿ ಏರುತ್ತದೆ. ಶೇ. 10ರಷ್ಟು ಚಿಪ್ಪಿನಲ್ಲೇ ಪೋಲಾಗುವುದೆಂದು ಹಿಡಿದರೆ, ತುಂಬಿದ ಕೋಶದಿಂದ 21 ಆಂಪಿಯರ್ ಸೆಳೆಯುವ ಸಾಧನ, ಅದೇ ಕೋಶ 3.2 ವೋಲ್ಟ್‌ಗೆ ಇಳಿದಾಗ 28 ಆಂಪಿಯರ್ ಸೆಳೆಯುತ್ತದೆ. ದೊಡ್ಡ ಸಾಧನಗಳಲ್ಲಿ ಎರಡು ಕೋಶಗಳಿರುವುದು ಈ ಹೊರೆ ಹಂಚಲಿಕ್ಕೇ. ಚಿಪ್ಪಿಗೂ ಮಿತಿ ಉಂಟು. 1.8 ಓಮ್ ಸುರುಳಿಗೆ 80 ವ್ಯಾಟ್ ಕೊಡಲು 12 ವೋಲ್ಟ್ ಬೇಕು. ಅಷ್ಟು ಏರಿಸಲಾಗದ ಸಾಧನ ಆದಷ್ಟನ್ನೇ ಕೊಡುತ್ತದೆ. ಅಷ್ಟು ವ್ಯಾಟ್ ಆ ಸಪೂರ ತಂತಿಗೆ ಬೇಕಾಗಿಯೂ ಇಲ್ಲ.

ಓಮ್ ಕಡಿಮೆಯಾದರೆ ಬಿಸಿ ಹೆಚ್ಚು ಎಂಬ ನಂಬಿಕೆಯೂ ಅರ್ಧಸತ್ಯ. ಒಂದೇ ರೋಧದ ಎರಡು ಸುರುಳಿಗಳಲ್ಲಿ ದಪ್ಪ, ಉದ್ದ ತಂತಿಯದ್ದಕ್ಕೆ ಕಾಯಬೇಕಾದ ಲೋಹ ಜಾಸ್ತಿ, ಮೈಯೂ ಜಾಸ್ತಿ. ಅದು ನಿಧಾನಕ್ಕೆ ಬಿಸಿಯಾಗಿ ಹೆಚ್ಚು ದ್ರವವನ್ನು ಮುಟ್ಟುತ್ತದೆ.

ನನಗೆ ಮೆಚ್ಚುಗೆಯಾದದ್ದು ತಾಪ ನಿಯಂತ್ರಣದ ಉಪಾಯ. ಪ್ರತ್ಯೇಕ ಸಂವೇದಕವಿಲ್ಲ, ಸುರುಳಿಯೇ ತಾಪಮಾಪಕ. ನಿಕಲ್ ತಂತಿಯ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.6 ಏರುತ್ತದೆ. 20 ಡಿಗ್ರಿಯಲ್ಲಿ 0.10 ಓಮ್ ಇದ್ದದ್ದು 220 ಡಿಗ್ರಿ ಸೆಲ್ಸಿಯಸ್‌ಗೆ 0.22 ಆಸುಪಾಸು. ಬತ್ತಿ ಒಣಗಿದರೆ ತಂತಿಯನ್ನು ತಣಿಸಲು ದ್ರವವಿಲ್ಲದೆ ರೋಧ ಸರ್ರನೆ ಏರುತ್ತದೆ. ಹತ್ತಿ ಕರಕಲಾಗುವ ಮೊದಲೇ, ದ್ರವದಲ್ಲಿನ ಗ್ಲಿಸರಿನ್ ಒಡೆದು ಅಕ್ರೋಲೀನ್‌ನಂಥ ವಿಷ ಹೆಚ್ಚುವ ಮೊದಲೇ ಚಿಪ್ ವಿದ್ಯುತ್ ತಗ್ಗಿಸುತ್ತದೆ. ಕ್ಯಾಂಥಾಲ್ ಎಂಬ ಕಬ್ಬಿಣ-ಕ್ರೋಮಿಯಂ-ಅಲ್ಯುಮಿನಿಯಂ ಮಿಶ್ರಲೋಹದ ರೋಧ ಮಾತ್ರ ಬಿಸಿಗೆ ಅಲುಗುವುದೇ ಇಲ್ಲವೆನ್ನುವಷ್ಟು ಕಡಿಮೆ ಬದಲಾಗುತ್ತದೆ. ಅಂಥ ಸುರುಳಿ ಹಾಕಿ ಸಾಧನವನ್ನು ನಿಕಲ್‌ಗೆ ಹೊಂದಿಸಿದರೆ, ತಂತಿ ಇನ್ನೂ ತಣ್ಣಗಿದೆಯೆಂದೇ ಚಿಪ್ಪಿನ ಎಣಿಕೆ. ತಪ್ಪನ್ನು ಗುರುತಿಸುವ ಜಾಣತನ ಅದಕ್ಕಿಲ್ಲದಿದ್ದರೆ ಬತ್ತಿ ಸುಡುವವರೆಗೂ ವಿದ್ಯುತ್ ಹರಿಸುತ್ತಲೇ ಇರುತ್ತದೆ.